ಇಪ್ಪತ್ತೇಳು ಚೀಟಿ: ಬಳ್ಳಾರಿಯ ಜೀನ್ಸ್ ಯೂನಿಟ್‌ಗೆ ಸಾಫ್ಟ್‌ವೇರ್ ಕಟ್ಟಿದ ದಿನಚರಿ

ಬಳ್ಳಾರಿಯ ಜೀನ್ಸ್ ಪ್ಯಾಂಟ್ ಒಂದೇ ಸೂರಿನಡಿ ತಯಾರಾಗುವುದು ಕಡಿಮೆ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ವಾಶಿಂಗ್ ಮತ್ತೊಂದು ಕಡೆ. ದಾರ ಕತ್ತರಿಸುವ ಕೆಲಸ ಮನೆಮನೆಗಳಲ್ಲಿ. ಅಂಗಡಿ ಸೇರುವ ಹೊತ್ತಿಗೆ ಒಂದು ಪ್ಯಾಂಟ್ ಹತ್ತಾರು ಕೈ ದಾಟಿರುತ್ತದೆ. ಪ್ರತಿ ಕೈಗೂ ಒಂದು ಲೆಕ್ಕ ಇರುತ್ತದೆ. ಈ ಲೆಕ್ಕಗಳು ಒಂದಕ್ಕೊಂದು ತಾಳೆ ಆಗಲ್ಲ ಅನ್ನುವುದೇ ಎಲ್ಲರ ದೂರು.

ಕೌಲ್ ಬಜಾರ್ ಕಡೆಯ ಒಂದು ಹೊಲಿಗೆ ಯೂನಿಟ್‌ಗೆ ನಾನು 2025ರಲ್ಲಿ ಈ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟೆ. ಯೂನಿಟ್ ಹೆಸರು ಇಲ್ಲಿ ಬೇಡ. 34 ಹೊಲಿಗೆ ಯಂತ್ರ, ಒಂದು ಕಟಿಂಗ್ ಟೇಬಲ್, ಇಸ್ತ್ರಿಗೆ ಒಂದು ಕೋಣೆ. ಕೋಡ್ ಬರೆಯುವುದು ಕಷ್ಟ ಆಗಲಿಲ್ಲ. ಯಾರ ಬೇಡಿಕೆ ಮೊದಲು, ಯಾರದ್ದು ಆಮೇಲೆ ಅನ್ನುವುದನ್ನು ತೀರ್ಮಾನಿಸುವುದೇ ಕಷ್ಟವಾಯಿತು. ಅದನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ಇಂಥದ್ದೇ ಕೆಲಸ ಹಿಡಿದವರಿಗೆ ಉಪಯೋಗಕ್ಕೆ ಬರಬಹುದು.

ಜೂನ್ 9, ಸೋಮವಾರ

ಮೊದಲ ದಿನ ಸುಮ್ನೆ ಕೂತು ನೋಡಿದೆ. ಯೂನಿಟ್‌ನಲ್ಲಿ ಮೂರು ಥರದ ಪುಸ್ತಕ. ಬಟ್ಟೆ ಕತ್ತರಿಸುವ ಮಾಸ್ಟರ್ ಹತ್ತಿರ ಕಟಿಂಗ್ ಪುಸ್ತಕ. ಸೂಪರ್‌ವೈಸರ್ ಹತ್ತಿರ ಬಂಡಲ್ (ಇಪ್ಪತ್ತು ಪೀಸ್‌ನ ಕಟ್ಟು) ಪುಸ್ತಕ. ಪ್ರತಿ ಟೈಲರ್ ಹತ್ತಿರ ತನ್ನದೇ ಸಣ್ಣ ಡೈರಿ. ಶನಿವಾರ ಸಂಜೆ ಬಟವಾಡೆ. ಅವತ್ತು ಈ ಪುಸ್ತಕಗಳೆಲ್ಲ ಎದುರುಬದುರು ಬರುತ್ತವೆ. "ನಾನು ಹದಿನೇಳು ಬಂಡಲ್ ಹಾಕೀನಿ" ಎಂದು ಟೈಲರ್. "ಹದಿನೈದೇ ಐತಿ ನೋಡಕ್ಕ" ಎಂದು ಸೂಪರ್‌ವೈಸರ್. ಎರಡು ಬಂಡಲ್ ಅಂದರೆ ನಲವತ್ತು ಪೀಸ್. ಪೀಸ್ ಲೆಕ್ಕದಲ್ಲಿ ಕೂಲಿ ತಗೊಳ್ಳುವವರಿಗೆ ಅದು ಸಣ್ಣ ಮಾತಲ್ಲ.

ಮಾಲೀಕರು ಕೇಳಿದ್ದು ಬೇರೆ. "ತಮ್ಮಾ, ನಾನು ಎಲ್ಲೇ ಇರ್ಲಿ, ಮೊಬೈಲ್‌ನಾಗೆ ಎಲ್ಲಾ ಕಾಣ್ಬೇಕು. ಯಾರು ಎಷ್ಟು ಹೊಲಿದ್ರು, ಯಾರು ನಿಧಾನ, ಎಲ್ಲಾ. ಒಂದು ದೊಡ್ಡ ಟೀವಿನೂ ಹಾಕ್ಸಣ."

ದುಡ್ಡು ಕೊಡುವವರು ಅವರು. ಅವರು ಹೇಳಿದ್ದನ್ನೇ ಮೊದಲು ಮಾಡಲು ಹೊರಟೆ.

ಜೂನ್ 30ರಿಂದ ಜುಲೈ 4

ಮೊದಲ ಆವೃತ್ತಿ ಮೂರು ವಾರದಲ್ಲಿ ಸಿದ್ಧವಾಯಿತು. ಯೂನಿಟ್‌ನ ಹಳೆಯ ಲ್ಯಾಪ್‌ಟಾಪ್ ಒಂದನ್ನು ಸರ್ವರ್ ಮಾಡಿದೆ. ಕೋಡ್ ಬರೆದದ್ದು ಪೈಥಾನ್ ಮತ್ತು ಫ್ಲಾಸ್ಕ್‌ನಲ್ಲಿ, ಲೆಕ್ಕ ಇಡಲು ಎಸ್‌ಕ್ಯೂಲೈಟ್ ಡೇಟಾಬೇಸ್. ಒಂದು ವೈಫೈ ರೂಟರ್. ಇಂಟರ್‌ನೆಟ್ ಇಲ್ಲದಿದ್ದರೂ ಒಳಗಿನ ಕೆಲಸ ನಡೆಯಬೇಕು ಎಂದು ಹೀಗೆ ಮಾಡಿದ್ದು. ಬಂಡಲ್‌ಗೆ ಅಂಟಿಸಲು ಥರ್ಮಲ್ ಪ್ರಿಂಟರ್‌ನಲ್ಲಿ ಕ್ಯೂಆರ್ ಚೀಟಿ. ಯಂತ್ರಗಳ ಪ್ರತಿ ಸಾಲಿಗೆ ಒಂದು ಫೋನ್. ಟೈಲರ್ ಬಂಡಲ್ ಶುರು ಮಾಡುವಾಗ ಒಂದು ಸಲ, ಮುಗಿಸಿದಾಗ ಒಂದು ಸಲ ಸ್ಕ್ಯಾನ್ ಮಾಡಬೇಕು. ಮಾಲೀಕರ ಮೊಬೈಲ್‌ನಲ್ಲಿ ಬಣ್ಣಬಣ್ಣದ ಪಟ್ಟಿ ಏರುತ್ತದೆ.

ಸೋಮವಾರ ಪಟ್ಟಿ ಏರಿತು. ಬುಧವಾರ ಅರ್ಧಕ್ಕೆ ಬಂತು. ಶುಕ್ರವಾರ ಹೆಚ್ಚೂಕಮ್ಮಿ ಖಾಲಿ. ಹೊಲಿಗೆ ಮಾತ್ರ ಎಂದಿನಂತೆ ನಡೆದಿತ್ತು.

ಶುಕ್ರವಾರ ಮಧ್ಯಾಹ್ನ ಹಿಂದಿನ ಜೇಬು ಹಾಕುವ ಅಕ್ಕನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಕೈಯಲ್ಲಿ ಸ್ಟಾಪ್‌ವಾಚ್. ಎದ್ದು ಫೋನ್ ಇರುವ ಕಡೆ ಹೋಗಿ, ಸ್ಕ್ಯಾನ್ ಮಾಡಿ, ವಾಪಸ್ ಬಂದು ಕೂರಲು ಸುಮಾರು 20 ಸೆಕೆಂಡ್. ಅವರು ದಿನಕ್ಕೆ ಸುಮಾರು 300 ಪೀಸ್ ಹಾಕುತ್ತಾರೆ. 20ರ ಬಂಡಲ್ ಲೆಕ್ಕದಲ್ಲಿ 15 ಬಂಡಲ್. ಬಂಡಲ್‌ಗೆ ಎರಡು ಸ್ಕ್ಯಾನ್, ಒಟ್ಟು 30. ಅಂದರೆ 10 ನಿಮಿಷ. ಎಂಟು ಗಂಟೆಯಲ್ಲಿ 300 ಪೀಸ್ ಹೊಲಿಯುವವರಿಗೆ 10 ನಿಮಿಷ ಅಂದರೆ 6 ಪೀಸ್. ವಾರಕ್ಕೆ 36 ಪೀಸ್.

"ಫೋನ್ ಹಿಡ್ಕೊಂಡು ನಿಂತ್ರೆ ನನ್ನ ಪೀಸ್ ಯಾರು ಹೊಲೀತಾರ ತಮ್ಮಾ?" ಎಂದು ಅಕ್ಕ ಕೇಳಿದರು. ಕೋಪ ಇರಲಿಲ್ಲ. ಕೇಳುತ್ತಲೇ ಹೊಲಿಯುತ್ತಿದ್ದರು.

ಮಾಲೀಕರಿಗೆ ಮಾಹಿತಿ ಬೇಕು. ಅದರ ಬೆಲೆಯನ್ನು ಟೈಲರ್‌ಗಳು ತಮ್ಮ ಕೂಲಿಯಿಂದ ಕಟ್ಟಬೇಕು. ನಾನು ಕಟ್ಟಿದ ವ್ಯವಸ್ಥೆ ಹಾಗಿತ್ತು. ಅವರು ಸ್ಕ್ಯಾನ್ ಬಿಟ್ಟಿದ್ದು ಸೋಮಾರಿತನದಿಂದಲ್ಲ, ಹಟದಿಂದಲೂ ಅಲ್ಲ. ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಇನ್ನೊಂದು ತೊಂದರೆಯೂ ಕಂಡಿತು. ಥರ್ಮಲ್ ಕಾಗದದಲ್ಲಿ ಅಕ್ಷರ ಮೂಡುವುದೇ ಬಿಸಿಯಿಂದ. ಇಸ್ತ್ರಿ ಕೋಣೆ ಹತ್ತಿರ ಇಟ್ಟ ಚೀಟಿಗಳು ಕಪ್ಪಾಗಿದ್ದವು. ಕಿಟಕಿ ಬಿಸಿಲಿಗೆ ಬಿದ್ದವು ಮಾಸಿದ್ದವು. ಬಳ್ಳಾರಿಯಲ್ಲಿ ಆ ಕಾಗದ ನಂಬುವ ಹಾಗಿಲ್ಲ.

ಜುಲೈ 6, ಭಾನುವಾರ

ಕೆಲಸ ನಿಲ್ಲಿಸಿ ಎಲ್ಲರನ್ನೂ ಒಟ್ಟಿಗೆ ಕೂರಿಸಲು ಮಾಲೀಕರನ್ನು ಕೇಳಿದೆ. ಮೊದಲು ಬೇಡ ಎಂದರು. ಖಾಲಿ ಪಟ್ಟಿ ತೋರಿಸಿ, ಅಕ್ಕನ 36 ಪೀಸ್ ಲೆಕ್ಕ ಹೇಳಿದ ಮೇಲೆ ಒಪ್ಪಿದರು. ಭಾನುವಾರ ರಜೆ. ಕಟಿಂಗ್ ಟೇಬಲ್ ಸುತ್ತ ಸೇರಿದೆವು. ಮಾಲೀಕರು, ಮಾಸ್ಟರ್, ಸೂಪರ್‌ವೈಸರ್, ಟೈಲರ್‌ಗಳ ಪರವಾಗಿ ಇಬ್ಬರು ಅಕ್ಕಂದಿರು, ಅಕೌಂಟೆಂಟ್, ವಾಶಿಂಗ್ ಕಡೆಯ ಮ್ಯಾನೇಜರ್. ಮಧ್ಯೆ ಒಗ್ಗರಣೆ, ಮಿರ್ಚಿ.

ಕಟಿಂಗ್‌ಗೆ ಗುರುತು ಹಾಕುವ ಮಾರ್ಕರ್ ಪೇಪರ್ ಕತ್ತರಿಸಿ ಚೀಟಿ ಮಾಡಿದೆ. ಒಂದು ಚೀಟಿಗೆ ಒಂದೇ ಬೇಡಿಕೆ. 27 ಚೀಟಿ ಆದವು. ಟೇಬಲ್ ಮೇಲೆ ಸೀಮೆಸುಣ್ಣದಿಂದ ನಾಲ್ಕು ಮನೆ ಬರೆದೆ. ಇರಲೇಬೇಕು. ಇದ್ದರೆ ಒಳ್ಳೆಯದು. ಆದರೆ ಆಗಲಿ. ಈ ಸಲ ಬೇಡ. ಇದು ಮಾಸ್ಕೋ ಎಂಬ ಪದ್ಧತಿ. ಮಸ್ಟ್, ಶುಡ್, ಕುಡ್, ವೋಂಟ್ ಎಂಬ ಇಂಗ್ಲಿಷ್ ಪದಗಳಿಂದ ಕಟ್ಟಿದ ಹೆಸರು, ಊರಿನದಲ್ಲ. 1994ರಲ್ಲಿ ಡೈ ಕ್ಲೆಗ್ ಎಂಬುವರು ರೂಪಿಸಿದ್ದು. ಆಮೇಲೆ ಡಿಎಸ್‌ಡಿಎಂ ಎಂಬ, ಸಾಫ್ಟ್‌ವೇರ್ ಕೆಲಸ ನಡೆಸುವ ಕ್ರಮ ಇದನ್ನು ಎತ್ತಿಕೊಂಡಿತು.

ಎಲ್ಲರೂ ತಮ್ಮ ಚೀಟಿ ಇಟ್ಟರು. 27ರಲ್ಲಿ 21 'ಇರಲೇಬೇಕು' ಮನೆಯಲ್ಲಿ ಕೂತವು.

ಇದು ಆಗಿಯೇ ಆಗುತ್ತದೆ. ನನ್ನ ಬೇಡಿಕೆ ಎರಡನೇ ದರ್ಜೆಯದು ಎಂದು ಯಾರು ತಾನೇ ಹೇಳುತ್ತಾರೆ? ಇಂಥ ಹೊತ್ತಲ್ಲಿ 'ಇದು ಮುಖ್ಯವಾ' ಎಂದು ಕೇಳಿ ಪ್ರಯೋಜನ ಇಲ್ಲ. ಡಿಎಸ್‌ಡಿಎಂ ಒಂದು ಪರೀಕ್ಷೆ ಹೇಳುತ್ತದೆ. ಬೇಡಿಕೆ ಈಡೇರದಿದ್ದರೆ ಬೇರೆ ದಾರಿ ಇದೆಯಾ ನೋಡಿ. ಎಷ್ಟೇ ಕಷ್ಟದ ದಾರಿ ಇರಲಿ, ಕೈಯಿಂದ ಮಾಡುವಂಥದ್ದೇ ಇರಲಿ, ದಾರಿ ಇದ್ದರೆ ಅದು 'ಇರಲೇಬೇಕು' ಅಲ್ಲ. ನಾನು ಅದನ್ನು ನಮ್ಮ ಮಾತಿಗೆ ತಂದೆ. "ಮುಂದಿನ ಶನಿವಾರ ಇದು ಇಲ್ಲದಿದ್ರೆ ಏನ್ ಮಾಡ್ತೀರಿ?"

ಮಾಸ್ಟರ್ ಮೊದಲು ಉತ್ತರಿಸಿದರು. ಒಂದು ಲಾಟ್‌ಗೆ, ಅಂದರೆ ಒಟ್ಟಿಗೆ ಕತ್ತರಿಸಿ ಹೊಲಿಯುವ ಒಂದು ಕಂತಿನ ಮಾಲಿಗೆ, ಎಷ್ಟು ಬಟ್ಟೆ ಬೇಕು ಎಂದು ಕಂಪ್ಯೂಟರ್ ಹೇಳಬೇಕು ಅನ್ನುವುದು ಅವರ ಚೀಟಿ. "ಇಲ್ಲದಿದ್ರೆ ಈಗ ಮಾಡ್ದಂಗ ನಾನೇ ಹಾಕ್ತೀನಿ, ಇಪ್ಪತ್ತು ವರ್ಷದಿಂದ ಹಾಕೀನಿ" ಎಂದು ಚೀಟಿಯನ್ನು ತಾವೇ ಎತ್ತಿ ಮೂರನೇ ಮನೆಗೆ ಇಟ್ಟರು. ಅವರು ಹಾಗೆ ಮಾಡಿದ ಮೇಲೆ ಉಳಿದವರಿಗೂ ಧೈರ್ಯ ಬಂತು. ಹಿರಿಯರೊಬ್ಬರು ಮೊದಲು ಬಿಟ್ಟುಕೊಟ್ಟರೆ ಸಭೆಯ ಗಾಳಿಯೇ ಬದಲಾಗುತ್ತದೆ. ಇನ್ನು ಮುಂದೆ ಇಂಥ ಸಭೆಗಳಲ್ಲಿ ಮೊದಲ ಪ್ರಶ್ನೆಯನ್ನು ಅಂಥವರಿಗೇ ಕೇಳುತ್ತೇನೆ.

ಸಂಜೆ ಹೊತ್ತಿಗೆ ಮೊದಲ ಮನೆಯಲ್ಲಿ 8 ಚೀಟಿ ಉಳಿದವು. ಎರಡನೆಯದರಲ್ಲಿ 7, ಮೂರನೆಯದರಲ್ಲಿ 5, ನಾಲ್ಕನೆಯದರಲ್ಲಿ 7. ನನ್ನ ಹತ್ತಿರ ಎಂಟು ವಾರ ಇತ್ತು, 48 ದಿನದ ಕೆಲಸ. ಆ 8 ಚೀಟಿಗೆ 28 ದಿನ ಬೇಕು ಎಂದು ಅಂದಾಜು ಹಾಕಿದೆ. 'ಇರಲೇಬೇಕು' ಅನ್ನುವುದು ಒಟ್ಟು ಶ್ರಮದ 60 ಪರ್ಸೆಂಟ್ ದಾಟಬಾರದು ಎಂಬ ಸೂಚನೆ ಇದೆ. ನಮ್ಮದು 58ಕ್ಕೆ ನಿಂತಿತು. ಯಾವುದೋ ಒಂದು ಕೆಟ್ಟರೂ ಉಳಿದ ದಿನಗಳು ಕೈಗಿರುತ್ತವೆ. ಈ ಅಂಚು ಇಲ್ಲದೆ ನಾನು ಇನ್ನು ಯಾವ ಕೆಲಸವನ್ನೂ ಒಪ್ಪಿಕೊಳ್ಳಲ್ಲ.

ಜುಲೈ 13, ಭಾನುವಾರ

ಮೊದಲ ಎರಡು ಮನೆಯ 15 ಚೀಟಿಗಳಲ್ಲಿ ಯಾವುದು ಮೊದಲು ಅನ್ನುವುದು ಮುಂದಿನ ಪ್ರಶ್ನೆ. ಎಲ್ಲರಿಗೂ ನೂರು ನೂರು ಅಂಕ ಕೊಟ್ಟು ಬೇಡಿಕೆಗಳ ಮೇಲೆ ಹಂಚಲು ಹೇಳುವ ಹಳೆಯ ವಿಧಾನ ಒಂದಿದೆ. ಅಂಕದ ಬದಲು ಜೀನ್ಸ್ ಬಟನ್ ಕೊಟ್ಟೆ, ತಲೆಗೆ 100. ಕೈಯಲ್ಲಿ ಹಿಡಿದು ಎಣಿಸಿ ಇಡುವಾಗ ಜನ ಯೋಚನೆ ಮಾಡುತ್ತಾರೆ. ಕಾಗದದ ಮೇಲೆ ಸಂಖ್ಯೆ ಬರೆಸಿದರೆ ಅಷ್ಟು ಯೋಚಿಸಲ್ಲ.

ಮಾಲೀಕರು 60 ಬಟನ್ನನ್ನು 'ಯಾರು ನಿಧಾನ' ಚೀಟಿಯ ಮೇಲೆ ಸುರಿದರು. ಇಬ್ಬರು ಅಕ್ಕಂದಿರೂ ತಮ್ಮ ನೂರಕ್ಕೆ ನೂರನ್ನು 'ಶನಿವಾರ ಕೂಲಿ ಚೀಟಿ' ಮೇಲೆ ಇಟ್ಟರು. ವಾಶಿಂಗ್ ಮ್ಯಾನೇಜರ್ 90ನ್ನು 'ಕೊಟ್ಟ ಪೀಸ್, ಬಂದ ಪೀಸ್' ಮೇಲೆ. ಮಾಸ್ಟರ್ ಮಾತ್ರ ಹತ್ತು ಹತ್ತು ಎಂದು ಹತ್ತು ಚೀಟಿಗಳಿಗೆ ಹಂಚಿದರು.

ಒಟ್ಟು ಕೂಡಿಸಿ ಹೆಚ್ಚು ಬಂದದ್ದನ್ನು ಮೊದಲು ಮಾಡೋಣ ಎಂದರೆ ತಪ್ಪಾಗುತ್ತದೆ. ಟೈಲರ್‌ಗಳ ಕಡೆಯಿಂದ ಇಬ್ಬರು, ಅಕೌಂಟೆಂಟ್ ಒಬ್ಬರೇ. ತಲೆ ಜಾಸ್ತಿ ಇದ್ದವರು ಗೆಲ್ಲುತ್ತಾರೆ ಅಷ್ಟೇ. ಎರಡನೇ ಸಲ ಇದೇ ಆಟ ಆಡಿದರೆ ಜನ ಮೊದಲೇ ಮಾತಾಡಿಕೊಂಡು ಬರುತ್ತಾರೆ. ಹಾಗಾಗಿ ನಾನು ಮೊತ್ತ ನೋಡಲಿಲ್ಲ. ಯಾರು ತಮ್ಮ ಅರ್ಧಕ್ಕಿಂತ ಜಾಸ್ತಿ ಬಟನ್ ಒಂದೇ ಕಡೆ ಇಟ್ಟಿದ್ದಾರೆ ಎಂದು ನೋಡಿದೆ. ಅಲ್ಲಿ ನೋವಿದೆ ಎಂದರ್ಥ. ಅಂಥ ಚೀಟಿ ಮೂರು. ಅವುಗಳ ಮೇಲೆ ಹಾಗೆ ಬಟನ್ ಇಟ್ಟ ನಾಲ್ವರ ಜೊತೆ ಒಬ್ಬೊಬ್ಬರಾಗಿ ಮಾತಾಡಿದೆ.

ಅವತ್ತೇ ರಾತ್ರಿ ಕಾರ್ಲ್ ವೀಗರ್ಸ್ 1999ರಲ್ಲಿ ಬರೆದ ಲೆಕ್ಕದ ಪದ್ಧತಿಯನ್ನೂ ಹಾಕಿ ನೋಡಿದೆ. ಪ್ರತಿ ಬೇಡಿಕೆಗೆ ನಾಲ್ಕು ಅಂಕ, 1ರಿಂದ 9. ಇದ್ದರೆ ಲಾಭ ಎಷ್ಟು, ಇಲ್ಲದಿದ್ದರೆ ನಷ್ಟ ಎಷ್ಟು, ಖರ್ಚೆಷ್ಟು, ಅಪಾಯವೆಷ್ಟು. ಲಾಭ-ನಷ್ಟ ಕೂಡಿಸಿ, ಖರ್ಚು-ಅಪಾಯದಿಂದ ಭಾಗಿಸಬೇಕು. ನನಗೆ ಇದರಲ್ಲಿ ಕೊನೆಗೆ ಬರುವ ಸಂಖ್ಯೆಗಿಂತ ಎರಡನೇ ಅಂಕಣ ಮುಖ್ಯ ಎನಿಸಿತು. ಇಲ್ಲದಿದ್ದರೆ ಆಗುವ ನಷ್ಟ. ಅದರ ಪಕ್ಕ ನನ್ನದೇ ಇನ್ನೊಂದು ಅಂಕಣ ಸೇರಿಸಿದೆ. ಆ ನಷ್ಟ ಯಾರದು?

ಈ ಅಂಕಣ ತುಂಬುತ್ತಾ ಹೋದಂತೆ ದಾರಿ ಕಂಡಿತು. ಕೂಲಿ ಚೀಟಿ ಇಲ್ಲದಿದ್ದರೆ ನಷ್ಟ ಟೈಲರ್‌ಗೆ. ಅದು ವಾರವಾರ, ಕೈಗೆ ಬರುವ ದುಡ್ಡಿನಲ್ಲೇ. ವಾಶಿಂಗ್ ಎಣಿಕೆ ಇಲ್ಲದಿದ್ದರೆ ನಷ್ಟ ಇಬ್ಬರಿಗೂ, ಲಾಟ್‌ಗೊಮ್ಮೆ. 'ಯಾರು ನಿಧಾನ' ಇಲ್ಲದಿದ್ದರೆ? ಎಷ್ಟು ಯೋಚಿಸಿದರೂ ಆ ಮನೆಗೆ ಏನು ಬರೆಯಬೇಕೋ ಗೊತ್ತಾಗಲಿಲ್ಲ. ಅದನ್ನು ಮಾಲೀಕರನ್ನೇ ಕೇಳಬೇಕಿತ್ತು.

ಜುಲೈ 15

ಕೇಳಿದೆ. "ಅಣ್ಣಾ, ಯಾರು ನಿಧಾನ ಅಂತ ಗೊತ್ತಾದ್ರೆ ಅವತ್ತು ಏನ್ ಮಾಡ್ತೀರಿ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದು ಬೇರೆಯೇ ಕಥೆ. ಮಾಲು ಕೊಳ್ಳುವವರು ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಾರೆ. ನಮ್ಮ ಲಾಟ್ ಎಲ್ಲಿದೆ, ಯಾವಾಗ ಬರುತ್ತದೆ? ಇವರಿಗೆ ಉತ್ತರ ಗೊತ್ತಿರಲ್ಲ. ಅಂದಾಜಿನಲ್ಲಿ ಒಂದು ದಿನ ಹೇಳುತ್ತಾರೆ. ಅದು ತಪ್ಪುತ್ತದೆ. ಬೈಸಿಕೊಳ್ಳುತ್ತಾರೆ. ಒಳಗೆ ಬಂದು ಟೈಲರ್‌ಗಳ ಮೇಲೆ ಕೂಗಾಡುತ್ತಾರೆ. ಯಾರಾದರೂ ನಿಧಾನ ಇರಬೇಕು ಎಂಬ ಅನುಮಾನ ಹುಟ್ಟಿದ್ದು ಅಲ್ಲಿಂದ.

ಅವರಿಗೆ ಬೇಕಾಗಿದ್ದು ಹೆಸರುಗಳ ಪಟ್ಟಿಯಲ್ಲ. ಲಾಟ್ ಎಲ್ಲಿದೆ ಎಂಬ ಒಂದು ಸಾಲಿನ ಉತ್ತರ.

ಚೀಟಿಯ ಮೇಲಿನ ಮಾತನ್ನು ಅಳಿಸಿ 'ಲಾಟ್ ಎಲ್ಲಿದೆ' ಎಂದು ಬರೆದೆವು. ಟೀವಿ ಚೀಟಿ ನಾಲ್ಕನೇ ಮನೆಗೆ ಹೋಯಿತು. ಟೈಲರ್‌ಗಳ ಹೆಸರು ಯಾವ ಪರದೆಯಲ್ಲೂ ಸಾಲಾಗಿ ಬರುವುದಿಲ್ಲ ಎಂದು ಮಾಲೀಕರು ಅಕ್ಕಂದಿರ ಎದುರಿಗೇ ಒಪ್ಪಿದರು. ಈ ಇಡೀ ಕೆಲಸದಲ್ಲಿ ನನಗೆ ಅತಿ ಸಮಾಧಾನ ಕೊಟ್ಟ ದಿನ ಅದು. ಬೇಡಿಕೆ ಎಂದು ಬಾಯಲ್ಲಿ ಬರುವುದು ಬಹಳ ಸಲ ಅವರು ತಮಗೇ ಯೋಚಿಸಿಕೊಂಡ ಪರಿಹಾರ. ಅದರ ಹಿಂದಿನ ತೊಂದರೆ ಬೇರೆ ಇರುತ್ತದೆ. ತೊಂದರೆ ಸಿಕ್ಕರೆ ಎಷ್ಟೋ ಜಗಳ ತಾನಾಗೇ ಕರಗುತ್ತದೆ, ಅಲ್ವಾ?

ಜುಲೈ 16ರಿಂದ ಆಗಸ್ಟ್ 1

ಈಗ ಹೊಸ ವಿನ್ಯಾಸ. ಟೈಲರ್ ಕೈ ನಿಲ್ಲಬಾರದು, ಆದರೂ ಲೆಕ್ಕ ಬರಬೇಕು.

ದೊಡ್ಡ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಹರಿದು ಕೊಡುವ ಕೂಪನ್ ಪದ್ಧತಿ ಇದೆ. ಅದನ್ನೇ ನಮ್ಮ ಅಳತೆಗೆ ಇಳಿಸಿದೆ. ದಪ್ಪ ಕಾಗದದಲ್ಲಿ ಲೇಸರ್ ಪ್ರಿಂಟ್ ಮಾಡಿದ ಟಿಕೆಟ್, ಬಂಡಲ್‌ಗೆ ಒಂದು. ಮೇಲ್ಭಾಗದಲ್ಲಿ ಲಾಟ್ ನಂಬರ್, ಸೈಜ್, ಬಂಡಲ್ ನಂಬರ್. ಕೆಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಚೂರು. ಹಿಂದಿನ ಜೇಬು, ಮುಂದಿನ ಜೇಬು, ಜಿಪ್, ಸೈಡ್, ಬೆಲ್ಟ್, ಲೂಪ್, ಬಾಟಮ್. ಪ್ರತಿ ಚೂರಿಗೂ ತನ್ನದೇ ಕ್ಯೂಆರ್. ಟೈಲರ್ ಬಂಡಲ್ ಮುಗಿಸಿ ತನ್ನ ಚೂರು ಹರಿದು ಯಂತ್ರದ ಪಕ್ಕದ ಡಬ್ಬಿಗೆ ಹಾಕಿದರೆ ಸಾಕು. ಒಂದು ಸೆಕೆಂಡ್ ಕೆಲಸ, ಕೂತಲ್ಲೇ.

ಸಂಜೆ ಸೂಪರ್‌ವೈಸರ್ 34 ಡಬ್ಬಿ ತಗೊಂಡು ಕೂರುತ್ತಾರೆ. ಲ್ಯಾಪ್‌ಟಾಪ್‌ಗೆ ಸ್ಕ್ಯಾನರ್. ಮೊದಲು ಡಬ್ಬಿಯ ಕ್ಯೂಆರ್, ಆಮೇಲೆ ಅದರೊಳಗಿನ ಚೂರುಗಳು. ದಿನಕ್ಕೆ ಸುಮಾರು 500 ಚೂರು. ಒಂದಕ್ಕೆ ಎರಡು ಸೆಕೆಂಡ್ ಎಂದರೂ 17 ನಿಮಿಷ. ಒಂದೇ ಚೂರು ಎರಡು ಸಲ ಬಿದ್ದರೆ ಡೇಟಾಬೇಸ್ ತಗೊಳ್ಳುವುದೇ ಇಲ್ಲ.

ಸೂಪರ್‌ವೈಸರ್‌ಗೆ ಮೊದಲು ಇಷ್ಟ ಆಗಲಿಲ್ಲ. "ಎಲ್ಲಾ ಕೆಲ್ಸ ನನ್ನ ತಲೆಮ್ಯಾಲೆ ಹಾಕಿದ್ರಿ" ಎಂದರು. ಅವರ ಮಾತು ನಿಜ. ನಾನು ಹೊರೆ ಇಳಿಸಿರಲಿಲ್ಲ, ಸ್ಥಳ ಬದಲಾಯಿಸಿದ್ದೆ. ಆದರೆ ಅವರದ್ದು ತಿಂಗಳ ಸಂಬಳ. ಹದಿನೇಳು ನಿಮಿಷಕ್ಕೆ ಅವರ ದುಡ್ಡು ಕಡಿಮೆಯಾಗಲ್ಲ. ಜೊತೆಗೆ ಶನಿವಾರ ಮೂರು ಗಂಟೆ ಕೂತು ಪುಸ್ತಕ ಕೂಡಿಸುವ ಕೆಲಸ ತಪ್ಪುತ್ತದೆ. ಇದನ್ನು ಮುಚ್ಚಿಡದೆ ಹೇಳಿದೆ. ಒಂದು ತಿಂಗಳು ನೋಡೋಣ ಎಂದು ಒಪ್ಪಿದರು.

ಇಲ್ಲಿ ಕೆಲವರು ಕನ್ನಡ ಓದುತ್ತಾರೆ, ಕೆಲವರು ತೆಲುಗು, ಕೆಲವರು ಉರ್ದು. ಚೂರಿನ ಮೇಲೆ ಕೆಲಸದ ಹೆಸರಿನ ಜೊತೆ ಸಣ್ಣ ಚಿತ್ರ ಹಾಕಿದೆ. ಸೈಜ್‌ಗೆ ಬಣ್ಣದ ಪಟ್ಟಿ. ಇದನ್ನು ಯಾರೂ ಕೇಳಿರಲಿಲ್ಲ. ಕರೆಂಟ್ ಹೋದಾಗ ಲೆಕ್ಕ ಕಳೆಯಬಾರದು ಎಂದೂ ಯಾರೂ ಕೇಳಿರಲಿಲ್ಲ. ಜಪಾನಿನ ನೊರಿಯಾಕಿ ಕಾನೊ 1984ರಲ್ಲಿ ಹೇಳಿದ್ದು ಇದನ್ನೇ. ಕೆಲವು ಗುಣಗಳನ್ನು ಜನ ಬಾಯಿಬಿಟ್ಟು ಕೇಳುವುದಿಲ್ಲ, ಇದ್ದೇ ಇರುತ್ತದೆ ಎಂದುಕೊಂಡಿರುತ್ತಾರೆ. ಇದ್ದರೆ ಯಾರೂ ಹೊಗಳಲ್ಲ. ಇಲ್ಲದಿದ್ದರೆ ಮಾತ್ರ ನಂಬಿಕೆ ಹೋಗುತ್ತದೆ. ಆದ್ದರಿಂದ ಒಂದು ಸಣ್ಣ ಯುಪಿಎಸ್ ಹಾಕಿಸಿದೆ. ರೂಟರ್, ಸ್ಕ್ಯಾನಿಂಗ್ ಟೇಬಲ್‌ಗೆ ಅದೇ ಆಸರೆ. ದಿನಕ್ಕೆರಡು ಸಲ ಡೇಟಾಬೇಸ್ ಪ್ರತಿ ಪೆನ್‌ಡ್ರೈವ್‌ಗೆ ಹೋಗುತ್ತದೆ. ಚೀಟಿ ಇಲ್ಲದ ಈ ಕೆಲಸಕ್ಕೆ ನಾಲ್ಕು ದಿನ ಹೋಯಿತು. ಅಂಚು ಬಿಟ್ಟುಕೊಂಡಿದ್ದು ಇಂಥದ್ದಕ್ಕೇ.

ಮಾಸ್ಟರ್ ಚೀಟಿಯೊಂದು ಪುಕ್ಕಟೆಯಾಗಿ ಆಯಿತು. ಡೆನಿಮ್ ಒಂದು ರೋಲ್‌ನಿಂದ ಇನ್ನೊಂದಕ್ಕೆ ಶೇಡ್ ಸ್ವಲ್ಪ ಬದಲಾಗುತ್ತದೆ. ಎರಡು ರೋಲ್‌ನ ತುಂಡು ಒಂದೇ ಪ್ಯಾಂಟ್‌ಗೆ ಸೇರಿದರೆ ವಾಶ್ ಆದ ಮೇಲೆ ಎರಡು ಕಾಲು ಎರಡು ಬಣ್ಣ. ಟಿಕೆಟ್ ಮೇಲೆ ರೋಲ್ ನಂಬರ್, ಪೀಸ್ ನಂಬರ್ ಸೇರಿಸಿದರೆ ಮುಗಿಯಿತು. ಅರ್ಧ ದಿನದ ಕೆಲಸ. ಬಟನ್ ಲೆಕ್ಕದಲ್ಲಿ ಇದು ಹಿಂದೆ ಇತ್ತು. ಆದರೂ ಮೊದಲೇ ಮಾಡಿದೆ. ಹೇಗೂ ಟಿಕೆಟ್ ಬಿಚ್ಚಿ ಕಟ್ಟುತ್ತಿರುವಾಗ ಅದನ್ನು ಮುಂದಕ್ಕೆ ಹಾಕುವುದು ದಂಡ.

ಆಗಸ್ಟ್ 2, ಶನಿವಾರ

ಮೊದಲ ಬಟವಾಡೆ. ಪುಸ್ತಕವೂ ಇತ್ತು, ಸಾಫ್ಟ್‌ವೇರೂ ಇತ್ತು. ಕೂಲಿ ಪುಸ್ತಕದ ಪ್ರಕಾರವೇ. ನಮ್ಮದು ಬರೀ ಹೋಲಿಕೆಗೆ.

11 ಬಂಡಲ್ ತಾಳೆ ಆಗಲಿಲ್ಲ. ಒಂದೊಂದನ್ನೇ ಹಿಡಿದು ಹುಡುಕಿದೆವು. 5 ಬಂಡಲ್ ಇಬ್ಬರು ಹಂಚಿಕೊಂಡು ಹೊಲಿದವು. ಚೂರು ಒಬ್ಬರ ಡಬ್ಬಿಗೆ ಬಿದ್ದಿತ್ತು. 4 ಬಂಡಲ್ ಆಲ್ಟರ್‌ಗೆ, ಅಂದರೆ ತಪ್ಪು ಸರಿಮಾಡಲು, ವಾಪಸ್ ಬಂದವು, ಪುಸ್ತಕದಲ್ಲಿ ಎರಡು ಸಲ ಬರೆದಿದ್ದರು. 2 ಚೂರು ನೆಲಕ್ಕೆ ಬಿದ್ದು ಕಸದ ಜೊತೆ ಹೋಗಿದ್ದವು. ಹಂಚಿದ ಬಂಡಲ್‌ಗೆ ಪೀಸ್ ಸಂಖ್ಯೆ ಹಾಕುವ ಜಾಗ ಮಾಡಿದೆ. ಕಳೆದ ಚೂರಿಗೆ ಒಂದು ನಿಯಮ ಆಯಿತು. ಆ ಬಂಡಲ್ ಮುಂದಿನ ಕೆಲಸಕ್ಕೆ ಹೋಗಿದ್ದರೆ ಹಿಂದಿನದು ಮುಗಿದಿದೆ ಎಂದೇ ಅರ್ಥ. ಯಾರು ಮಾಡಿದ್ದು ಎಂದು ಸೂಪರ್‌ವೈಸರ್ ನೋಡಿ ಸೇರಿಸಬಹುದು, ಕೂಲಿ ತಪ್ಪುವುದಿಲ್ಲ.

ಇನ್ನೊಂದು ಮಾತು ಅಕ್ಕಂದಿರಿಂದ ಬಂತು. ಲಾಟ್ ಮಧ್ಯದಲ್ಲಿ ಪೀಸ್ ರೇಟ್ ಏರಿದರೆ ಹಳೆ ಬಂಡಲ್‌ಗೆ ಯಾವ ರೇಟ್? ಹಿಂದೆ ಈ ವಿಷಯಕ್ಕೆ ದೊಡ್ಡ ಮನಸ್ತಾಪ ಆಗಿತ್ತಂತೆ. ಆದ್ದರಿಂದ ರೇಟನ್ನು ಕೋಡ್‌ನಲ್ಲಿ ಎಲ್ಲೂ ಬರೆಯಲಿಲ್ಲ. ಒಂದು ಪಟ್ಟಿ ಮಾಡಿದೆ. ಯಾವ ದಿನದಿಂದ, ಯಾವ ಕೆಲಸಕ್ಕೆ, ಎಷ್ಟು. ಹೊಲಿದ ದಿನದ ರೇಟ್ ತಾನಾಗಿ ಹತ್ತುತ್ತದೆ.

ಆಗಸ್ಟ್ 9ಕ್ಕೆ 4 ತಪ್ಪು. 16ಕ್ಕೆ ಒಂದು. 23ರಂದು ಮೊದಲ ಬಾರಿಗೆ ಮುದ್ರಿತ ಕೂಲಿ ಚೀಟಿ ಹಿಡಿದು ಬಟವಾಡೆ ನಡೆಯಿತು. ಅರ್ಧ ಗಂಟೆಯಲ್ಲಿ ಮುಗಿಯಿತು. ಜೇಬು ಹಾಕುವ ಅಕ್ಕ ತಮ್ಮ ಡೈರಿಯನ್ನೂ ತಂದಿದ್ದರು. ಒಂದೊಂದು ಸಾಲು ತಾಳೆ ನೋಡಿ, ಚೀಟಿ ಮಡಚಿ ಡೈರಿಯೊಳಗೆ ಇಟ್ಟುಕೊಂಡರು.

ಅದೇ ಡೇಟಾದಿಂದ 'ಲಾಟ್ ಎಲ್ಲಿದೆ' ಎಂಬ ಪುಟ ಎರಡು ದಿನದಲ್ಲಿ ತಯಾರಾಯಿತು. ಚೂರುಗಳು ಬರುತ್ತಿದ್ದವಲ್ಲ, ಬಂಡಲ್ ಎಲ್ಲಿವರೆಗೆ ಬಂದಿದೆ ಎಂದು ಅವೇ ಹೇಳುತ್ತವೆ. ಜೂನ್‌ನಲ್ಲಿ ಮೂರು ವಾರ ದುಡಿದರೂ ಮಾಲೀಕರಿಗೆ ಕೊಡಲಾಗದ ಪುಟ ಅದು. ಟೈಲರ್‌ಗಳ ಕೆಲಸ ಮೊದಲು ಮಾಡಿದ್ದರಿಂದಲೇ ಅದು ತುಂಬಿತು.

ವಾಶಿಂಗ್ ಕಡೆಯವರಿಗೆ ಲಾಗಿನ್, ಆ್ಯಪ್ ಏನೂ ಬೇಕಿರಲಿಲ್ಲ. ಡೆಲಿವರಿ ಚಲನ್‌ನಲ್ಲಿ ಸೈಜ್ ಪ್ರಕಾರ ಸರಿಯಾದ ಎಣಿಕೆ, ಶೇಡ್ ಸೂಚನೆ, ಎರಡೂ ಕಡೆ ಸಹಿ. ಸಹಿಯಾದ ಚಲನ್ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ. ಜಾಬ್ ವರ್ಕ್‌ಗೆ, ಅಂದರೆ ಹೊರಗಿನವರಿಂದ ಕೆಲಸ ಮಾಡಿಸಲು, ಹೋದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು ಎಂದು ಜಿಎಸ್‌ಟಿ ಕಾನೂನಿನಲ್ಲಿದೆ. ಅದಕ್ಕೂ ಈ ಚಲನ್ ಲೆಕ್ಕವೇ ಆಧಾರ.

ಸೆಪ್ಟೆಂಬರ್ 4

ಸೆಪ್ಟೆಂಬರ್ 8ರಿಂದ ದೀಪಾವಳಿವರೆಗೆ ಏನೂ ಬದಲಾಯಿಸಬಾರದು ಎಂದು ಮೊದಲೇ ಬರೆದುಕೊಂಡಿದ್ದೆವು. ಹಬ್ಬದ ಸೀಸನ್. ಆಗ ಸಾಫ್ಟ್‌ವೇರ್ ಕೆಟ್ಟರೆ ಎಲ್ಲರ ಕೆಲಸ ಕೆಡುತ್ತದೆ.

ಬೆಳಿಗ್ಗೆಯೇ ಅಕೌಂಟೆಂಟ್ ಫೋನ್. ಹಿಂದಿನ ರಾತ್ರಿ ಜಿಎಸ್‌ಟಿ ಮಂಡಳಿ ದರ ಬದಲಿಸಿತ್ತು, ಸೆಪ್ಟೆಂಬರ್ 22ರಿಂದ ಜಾರಿ. ಸಿದ್ಧ ಉಡುಪಿಗೆ ಪೀಸ್ ಬೆಲೆ 1,000 ರೂಪಾಯಿವರೆಗೆ ಶೇ 5, ಮೇಲಿದ್ದರೆ ಶೇ 12 ಇತ್ತು. ಇನ್ನು 2,500ರವರೆಗೆ ಶೇ 5, ಅದರ ಮೇಲೆ ಶೇ 18. ಅವರಿಗೆ ಹೋಗುವ ಮಾರಾಟದ ಹಾಳೆಯಲ್ಲಿ ದರ ನಮ್ಮ ಕಡೆಯಿಂದಲೇ ಬರುತ್ತಿತ್ತು.

ಇಂಥ ಬೇಡಿಕೆಗೆ ಬಟನ್ ಎಣಿಸುವ ಹಾಗಿಲ್ಲ. ತಾರೀಖು ಸರ್ಕಾರದ್ದು. ಸಾಲು ಮುರಿದು ಮುಂದೆ ಬರುವ ಹಕ್ಕು ಇದಕ್ಕಿದೆ. ಆದರೆ ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಅಕ್ಕಂದಿರಿಗಾಗಿ ಮಾಡಿದ್ದ ರೇಟ್ ಪಟ್ಟಿಯ ಅಚ್ಚನ್ನೇ ಇಲ್ಲೂ ಇಟ್ಟೆ. ಯಾವ ದಿನದಿಂದ, ಯಾವ ಬೆಲೆವರೆಗೆ, ಎಷ್ಟು. 21ರವರೆಗೆ ಬಿಲ್ ಆದ ಮಾಲು ವಾಪಸ್ ಬಂದರೆ ಹಳೆ ದರ, ಆಮೇಲಿನದಕ್ಕೆ ಹೊಸದು. 22 ಸೋಮವಾರ. ಅವತ್ತು ಬೆಳಿಗ್ಗೆ ಅಕೌಂಟೆಂಟ್ ಪಕ್ಕ ಕೂತು ಮೊದಲ ಮೂರು ಬಿಲ್ ನೋಡಿ ಬಂದೆ. ಎಲ್ಲ ಸರಿ ಇತ್ತು.

ಉಳಿದ ಚೀಟಿಗಳನ್ನು ಕಟಿಂಗ್ ಟೇಬಲ್ ಹಿಂದಿನ ಗೋಡೆಗೆ ಅಂಟಿಸಿದ್ದೇವೆ. ಪ್ರತಿಯೊಂದರ ಕೆಳಗೆ ಯಾಕೆ ಈಗಿಲ್ಲ, ಮತ್ತೆ ಯಾವತ್ತು ನೋಡುತ್ತೇವೆ ಎಂದು ಬರೆದಿದೆ. ಮುಖ ನೋಡಿ ಹಾಜರಿ ಹಾಕುವುದು, ಟೀವಿ, ಎಲ್ಲವೂ ಅಲ್ಲಿವೆ. 'ಆಗಲ್ಲ' ಎಂದು ಬಾಯಲ್ಲಿ ಹೇಳಿದಾಗ ಬೇಜಾರು ಮಾಡಿಕೊಂಡವರು ಗೋಡೆಯ ಮೇಲೆ ತಾರೀಖು ನೋಡಿ ಸುಮ್ಮನಾಗಿದ್ದಾರೆ. ಕೊನೆಯ ತೀರ್ಮಾನ ಮಾಲೀಕರದ್ದೇ. ಆದರೆ ಕಾರಣ ಬರೆಯದೆ ಯಾವ ಚೀಟಿಯೂ ಜಾಗ ಬದಲಿಸುವುದಿಲ್ಲ.

ನವೆಂಬರ್ 2, ಭಾನುವಾರ

ಸೀಸನ್ ಮುಗಿದ ಮೇಲೆ ಮತ್ತೆ ಅದೇ ಟೇಬಲ್ ಸುತ್ತ ಕೂತೆವು. ಜುಲೈನಲ್ಲಿ ಈ ಟೇಬಲ್‌ಗೆ ಬಾರದವರು ಯಾರು ಎಂದು ನನ್ನನ್ನು ನಾನೇ ಕೇಳಿಕೊಂಡು ಹೋಗಿದ್ದೆ. ಉತ್ತರ ನನಗೆ ಎಲ್ಲರಿಗಿಂತ ಮೊದಲು ಹೊಳೆಯಬೇಕಿತ್ತು.

ಮನೆಯಲ್ಲಿ ಕೂತು ದಾರ ಕತ್ತರಿಸುವ ಹೆಂಗಸರು. ಗಂಟು ಕಟ್ಟಿದ ಪ್ಯಾಂಟ್ ಆಟೋದಲ್ಲಿ ಅವರ ಮನೆಗೆ ಹೋಗುತ್ತದೆ, ಎರಡು ದಿನ ಬಿಟ್ಟು ವಾಪಸ್ ಬರುತ್ತದೆ. ಯೂನಿಟ್‌ಗೆ ಅವರು ಬರುವುದೇ ಇಲ್ಲ. ನಡುವೆ ಒಬ್ಬರು ತಂದು ಕೊಟ್ಟು ಮಾಡುತ್ತಾರೆ. ಎಣಿಕೆ ತಪ್ಪಿದರೆ ಹೊಣೆ ಮನೆಯವರ ಮೇಲೆ. ನಮ್ಮಮ್ಮ ಒಂಬತ್ತು ವರ್ಷ ಈ ಕೆಲಸ ಮಾಡಿದ್ದಾರೆ. ನಮ್ಮ ಮನೆಯ ಪಡಸಾಲೆ ಯಾವಾಗಲೂ ನೀಲಿ ದಾರದ ಚೂರಿನಿಂದ ತುಂಬಿರುತ್ತಿತ್ತು. ನನ್ನ ಶಾಲೆ ಫೀಸು ಅದರಿಂದಲೇ ಹೋಗಿದ್ದು. ಆದರೂ 27 ಚೀಟಿಗಳಲ್ಲಿ ಅವರದ್ದು ಒಂದೂ ಇರಲಿಲ್ಲ. ಇದು ನನಗೆ ಇವತ್ತಿಗೂ ಚುಚ್ಚುತ್ತದೆ.

ಮಾಲೀಕರಿಗೆ ಹೇಳಿದೆ. ಇಪ್ಪತ್ತೆಂಟನೇ ಚೀಟಿಯನ್ನು ಅವರೇ ತಮ್ಮ ಕೈಯಿಂದ ಬರೆದರು. 'ದಾರ ಕತ್ತರಿಸುವವರ ಲೆಕ್ಕ.' ಮುಂದಿನ ತಿಂಗಳ ಮೊದಲ ಕೆಲಸ ಅದು. ಸದ್ಯಕ್ಕೆ ಯೋಚನೆ ಇಷ್ಟು. ಗಂಟಿನ ಜೊತೆ ಎರಡು ಪ್ರತಿಯ ಟಿಕೆಟ್ ಹೋಗುತ್ತದೆ. ಮನೆಯಲ್ಲೇ ಎಣಿಸಿ, ಒಂದು ಪ್ರತಿ ಅವರು ಇಟ್ಟುಕೊಳ್ಳುತ್ತಾರೆ. ಫೋನ್ ಬೇಡ, ಸ್ಕ್ಯಾನ್ ಬೇಡ. ಎಣಿಕೆ ಕಡಿಮೆ ಬಂದರೆ ಆಟೋ ಹೊರಡುವ ಮೊದಲೇ ಅಲ್ಲೇ ಬರೆದು ಕೊಡಬೇಕು.

ಪರೀಕ್ಷೆಗೆ ಮೂರು ಮನೆಯವರು ಒಪ್ಪಿದ್ದಾರೆ. ಬರುವ ಭಾನುವಾರ ಬೆಳಿಗ್ಗೆ ಹೋಗುತ್ತೇನೆ. ಅಮ್ಮನೂ ಬರುತ್ತೇನೆ ಎಂದಿದ್ದಾರೆ. ಗಂಟು ಬಿಚ್ಚಿ ಎಣಿಸುವಾಗ ಲೆಕ್ಕ ಎಲ್ಲಿ ತಪ್ಪುತ್ತದೆ ಅನ್ನುವುದು ಅವರಿಗೆ ಗೊತ್ತು.